ಬಿಳಿ ಬಟ್ಟೆ, ಕರಿ ಕಂಬಳಿ

"ನಿಲ್ಲಸಲೇ ಅದನ್ನ! ನಿಲ್ಲಸ್ತೀಯೋ, ಇಲ್ಲಾ ಈ ಬಡಿಗೀಲೇ ಅದರ ಮೂಗು ಮುರೀಲೋ?"

ಗರಗರ ತಿರುಗುತ್ತಿದ್ದ ವಿಮಾನದ ಪಂಖದ ಎದುರಿಗೆ ಬಡಿಗೆ ಎತ್ತಿ ನಿಂತಿದ್ದಳು ಸತ್ಯವ್ವ. ತಲೆಯ ಮೇಲಿನ ಸೆರಗು ಗಾಳಿಗೆ ಹಾರಿ ಬೆನ್ನಿಗೆ ಬಿದ್ದಿತ್ತು. ಕೂದಲ ತುಂಬ ಕೆಂಪು ಧೂಳು. ಕಣ್ಣಲ್ಲಿ ಸಿಟ್ಟಿನ ನೀರು!

ಸಿಟ್ಟು ಬಂದಾಗ ಎದುರಿಗಿರುವುದು ಎತ್ತೋ, ಎಂಜಿನ್ನೋ, ಫೌಜದಾರನೋ, ಅವಳಿಗೆ ಏನೂ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೇ.

ಅಷ್ಟರಲ್ಲಿ ಬದಿಯಿಂದ ಒಬ್ಬ ಓಡಿ ಬಂದ. ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಬಿಟ್ಟ.

"ಹುಚ್ಚ ಹಿಡದೈತೇನ ನಿನಗ? ಒಂದ ಗೇಣ ಮುಂದ ಬಂದಿದ್ರ ರುಂಡಾನ ಹಾರತಿತ್ತು!"

"ಹಾರಲಿ! ನನ್ನ ಕುರಿ ಸಾಯೂದು ನೋಡೂದಕ್ಕಿಂತ ಅದ ಛಲೋ! ಕೈ ಬಿಡಲೇ ಮೊದಲ!"

ಅವನು ಕೈ ಬಿಟ್ಟ. ವಿಮಾನದೊಳಗೆ ಕೂತಿದ್ದವರಿಗೆ ಸನ್ನೆ ಮಾಡಿದ. ಪಂಖ ನಿಂತಿತು. ಸದ್ದು ಅಡಗಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಏ, ಏ! ಬಟ್ಟಿ ತುಳೀಬ್ಯಾಡ! ಹೊರಗ ಬಾ!"

ಸತ್ಯವ್ವ ಕೆಳಗೆ ನೋಡಿದಳು. ನೆಲದ ಮೇಲೆ ಬಿಳಿ ಬಟ್ಟೆಯ ಪಟ್ಟಿಗಳನ್ನು ಹಾಸಿ, ಹಾರದಂತೆ ಕಲ್ಲು ಇಟ್ಟಿದ್ದರು. ಒಂದು ಪಟ್ಟಿ ಉದ್ದಕ್ಕೆ, ಅದರ ತಲೆಗೆ ಅಡ್ಡಲಾಗಿ ಇನ್ನೊಂದು. ಅವಳ ಕೆಂಪು ಹೆಜ್ಜೆ ಅದರ ಮೇಲೆ ಮೂಡಿತ್ತು.

ಆಹಾ! ಕುರಿ ಸತ್ತರೆ ಇವನಿಗೆ ಏನೂ ಇಲ್ಲ. ಬಟ್ಟೆ ಹೊಲಸಾಯಿತೆಂದು ಸಂಕಟ!

ಬೇಕೆಂದೇ ಇನ್ನೊಂದು ಹೆಜ್ಜೆ ಇಟ್ಟು ತಿಕ್ಕಿದಳು.

"ಅದು ಬರೇ ಬಟ್ಟಿ ಅಲ್ಲ, ಅದು ವಿಮಾನಕ್ಕ..."

"ಗಪ್ಪಾಗು! ಬಟ್ಟೀದು ಕಟಗೊಂಡು ಏನ್ ಮಾಡ್ಲಿ? ನಿನ್ನೆ ಸಂಜಿಮುಂದ ಈ ಪಿಡುಗು ನಮ್ಮ ಹಟ್ಟಿ ಮ್ಯಾಲ ಹಾದು ಹೋತು. ನನ್ನ ಚುಕ್ಕಿ ಕುರೀದು ಗಬ್ಬ ಹೋತು! ತಿಂಗಳ ತುಂಬದ ಮರಿ ಬಿತ್ತು, ಕಣ್ಣ ಸೈತ ತೆರೀಲಿಲ್ಲ ಅದು. ನಿಮಗ ಅದೆಲ್ಲಾ ಎಲ್ಲಿ ತಿಳೀತೈತಿ!"

ಅವನ ಮಾತನ್ನು ಅಂದು ಪೂರ್ತಿ ಕೇಳಿದ್ದರೆ ಮುಂದಿನ ದುಃಖ ತಪ್ಪುತ್ತಿತ್ತು. ಆದರೆ ಕೇಳುವವಳೇ ಅವಳು?

ಆಗಲೇ ಅವಳ ಕಣ್ಣು ಅವನ ಹಣೆಯ ಮೇಲೆ ಬಿತ್ತು. ಎಣ್ಣೆ, ಧೂಳು, ಬೆವರು... ಅದರ ನಡುವೆ ಹಳದಿ ಭಂಡಾರ! ಬೀರಪ್ಪನ ಅರಿಷಿಣ.

"ನೀ... ನೀ ನಮ್ಮ ಮಂದಿಯಾವೇನ?"

"ಹೊಳೆಪ್ಪ ಅಂತ. ಬೀಳಗಿ ಕಡ್ಯಾವ. ಕುರಿ ಕಾಯೂ ಮನ್ಯಾಗ ಹುಟ್ಟೇನಿ. ಇಲ್ಲಿ ಎಂಜಿನ್ನಿಗೆ ಎಣ್ಣಿ ಹಾಕೂದು, ಬಟ್ಟಿ ಹಾಸೂದು ನನ್ನ ಕೆಲಸ."

ಸತ್ಯವ್ವನಿಗೆ ಮೈಯೆಲ್ಲ ಉರಿದುಹೋಯಿತು. ಪರದೇಶಿ ಸಾಹೇಬನಾಗಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ಗಬ್ಬದ ಕುರಿ ಅಂದರೆ ಏನೆಂದು ಬಲ್ಲವನೇ ಈ ರಾಕ್ಷಸನಿಗೆ ಎಣ್ಣೆ ಹೊಯ್ದು ಹಾರಿಸುವುದೆಂದರೆ!

"ಆ ಭಂಡಾರಕ್ಕರೆ ಮರ್ಯಾದಿ ಕೊಡ" ಎಂದು ಉಗುಳಿ, ಬಡಿಗೆ ಹೆಗಲಿಗೇರಿಸಿ ಹೊರಟುಹೋದಳು.

ಹೊಳೆಪ್ಪ ಅವಳು ಮರೆಯಾಗುವ ತನಕ ಅಲ್ಲೇ ನಿಂತಿದ್ದ.

*

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಸಾವಳಗಿ ದಾರಿಯ ಬದಿಗಿದ್ದ ಮಡ್ಡಿಯನ್ನು, ಕಲ್ಲು ಮರಡಿಯ ಆ ಬಯಲನ್ನು, ವಿಮಾನ ನಡೆಸುವುದನ್ನು ಕಲಿಸುವ ಒಂದು ಕಂಪನಿ ಹಿಡಿದಿತ್ತು. ಹುಡುಗರು ದಿನವಿಡೀ ಏರುವುದು, ಒಂದು ಸುತ್ತು ಹಾಕುವುದು, ಇಳಿಯುವುದು, ಮತ್ತೆ ಏರುವುದು! ಮಾತಾಡಿದರೆ ಮಾತು ಕೇಳಿಸದು. ಶಾಲೆಯ ಮಾಸ್ತರರು ಪಾಠ ನಿಲ್ಲಿಸಿ ಆಕಾಶ ನೋಡುತ್ತ ಕೂಡಬೇಕು.

ಆದರೆ ಎಲ್ಲರಿಗಿಂತ ಹೆಚ್ಚು ಬೆಂದವರು ಮಡ್ಡಿಯ ಮೂಡಲಿಗೆ ಹಟ್ಟಿ ಹಾಕಿದ್ದ ಕುರಿಗಾರರು. ಕುರಿ ಈಯುವ ಕಾಲದಲ್ಲಿ ಅವರ ಹಟ್ಟಿಯ ಹತ್ತಿರ ಡೊಳ್ಳು ಬಾರಿಸುವಂತಿಲ್ಲ. ಜಗಳ ಆಡುವಂತಿಲ್ಲ. ನಾಯಿಗೂ ಬೊಗಳಬೇಡ ಎಂದು ಗದರುವವರು ಅವರು. ಬೆದರಿದ ತಾಯಿ ಈದ ಮರಿಯನ್ನು ಬಿಟ್ಟು ಓಡುತ್ತದೆ. ಒಮ್ಮೆ ಓಡಿತೆಂದರೆ ಮರಿಯ ವಾಸನೆ ಮರೆತುಬಿಡುತ್ತದೆ. ಆಮೇಲೆ ಹತ್ತಿರ ಬಂದ ಕೂಸನ್ನೇ ಹಾಯುತ್ತದೆ!

ಆ ಸಂಜೆ ಹಟ್ಟಿಯಲ್ಲಿ ಅದೇ ಗೋಳು ನಡೆದಿತ್ತು. ಹೊಸದಾಗಿ ಈದ ಕುರಿಯೊಂದು ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸತ್ಯವ್ವನ ತಂದೆ ಸಿದರಾಯ ಹಿಡಿದು ಹಿಡಿದು ಸೋತಿದ್ದ.

"ಸ್ವಲ್ಪ ಉಪ್ಪ ಕೊಡ್ರಿ ಮಾವಾ."

ಯಾರದು? ಸತ್ಯವ್ವ ತಿರುಗಿ ನೋಡಿದಳು. ಹೊಳೆಪ್ಪ! ಕರೆಯದೆ ಬಂದವನು ಆಗಲೇ ಒಳಗೆ ಕೂತುಬಿಟ್ಟಿದ್ದ. ತಾಯಿಯ ಕೆಚ್ಚಲಿನಿಂದ ಹಾಲು ಹಿಂಡಿ ಮರಿಯ ಮೈಗೆ ಸವರಿದ. ಮೇಲೆ ಉಪ್ಪು ತಿಕ್ಕಿದ. ಕುರಿಯ ಕುತ್ತಿಗೆ ತಬ್ಬಿ, ಅದರ ಕಿವಿಯಲ್ಲಿ ಏನೋ ಗುಣುಗುಣು ಅನ್ನುತ್ತ ಕೂತ. ಬಹಳ ಹೊತ್ತಿನ ಮೇಲೆ ಕುರಿ ನಾಲಿಗೆ ಚಾಚಿ ಮರಿಯನ್ನು ನೆಕ್ಕಿತು.

ಸಿದರಾಯನ ಮುಖ ಅರಳಿತು. ಸತ್ಯವ್ವನಿಗೆ ಮಾತ್ರ ಇನ್ನಷ್ಟು ಸಿಟ್ಟು!

ಇವನು ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು... ಬೈಯಲಾದರೂ ಸಲೀಸಾಗುತ್ತಿತ್ತು.

"ಗಾಯಾ ಮಾಡಾವನೂ ನೀನ, ಮದ್ದ ಹಚ್ಚಾವನೂ ನೀನ?" ಎಂದಳು.

"ಬಯ್ಯಿ, ನಿನ್ನ ಸಿಟ್ಟ ಖರೇನ ಐತಿ" ಅಂದ ಅವನು, ತಲೆ ಎತ್ತದೆ. "ನಾಳೆ ಗುಡಿ ಮುಂದ ಮಂದಿ ಕೂಡಸ್ರಿ. ಸದ್ದು ಕಡಿಮಿ ಮಾಡಾಕ ಬರತೈತಿ. ನಾ ಹೇಳತೇನಿ."

*

ಬೀರದೇವರ ಗುಡಿಯ ಮುಂದೆ ಮಂದಿ ಕೂಡಿದರು. ಕುರಿಗಾರರು, ಸುತ್ತಲಿನ ರೈತರು, ಶಾಲೆಯ ಮಾಸ್ತರರು. ಗುಡಿಯ ಪೂಜಾರಿ ಸಾಬಣ್ಣ ನಡುವೆ ಕೂತಿದ್ದ.

"ಮಾತ ಯಾಕ ಬೇಕ?" ಎಂದು ಎದ್ದವಳು ಸತ್ಯವ್ವನೇ. "ಜಾಲಿ ಮುಳ್ಳ ತಂದು ಮಡ್ಡಿ ತುಂಬ ಹರವೂಣು. ಹ್ಯಾಂಗ ಇಳಸ್ತಾರ ನೋಡೂಣು!"

"ಹರವಿದ್ರ ಪೊಲೀಸರ ಬರತಾರ" ಅಂದ ಹೊಳೆಪ್ಪ. "ನನ್ನ ಮಾತ ಒಂಚೂರ ಕೇಳ್ರಿ. ಹಾರೂ ಮೊದಲ ಎಂಜಿನ್ ಕಾಯಸ್ತಾರಲ್ಲ, ಅದ ಭಾಳ ಒದರತೈತಿ. ಅದನ್ನ ಕಲ್ಲಿನ ಖಣಿ ಹಿಂದ ಒಯ್ಯೂಣು. ಅಲ್ಲಿ ನಾವೆಲ್ಲಾ ಕೂಡಿ ಎತ್ತರ ಒಡ್ಡ ಹಾಕಿದ್ರ ಸದ್ದ ಈ ಕಡೆ ಬರೂದಿಲ್ಲ. ಮುಂಜಾನೆ ಕುರಿ ಈಯೂ ಹೊತ್ತಿನ್ಯಾಗ ಹಾರೂದ ಬ್ಯಾಡ. ಇನ್ನ ಏರೂದು ಇಳಿಯೂದು, ಎರಡೂ ಪಡುವಲ ಕಡೀಲೇ ಮಾಡಸ್ತೇನಿ. ಹಟ್ಟಿ ಇರೂದು ಮೂಡಲಕ್ಕ."

"ನಿಮ್ಮ ಸಾಹೇಬ ಕೇಳತಾನೇನ?"

ಸಾಹೇಬನೆಂದರೆ ಅಣ್ಣಾಸಾಹೇಬ. ಹುಡುಗರಿಗೆ ವಿಮಾನ ಕಲಿಸುವ ಮರಾಠಿ ಮನುಷ್ಯ. ಮೊದಲು ಕೂಗಾಡಿದ. ಆಮೇಲೆ ಹೊಳೆಪ್ಪನೊಂದಿಗೆ ಹಟ್ಟಿಗೆ ಬಂದು, ಸತ್ತ ಮರಿಗಳನ್ನು ಹೂತ ಜಾಗ ನೋಡಿ ಒಪ್ಪಿದ. "ಒಡ್ಡು ನೀವು ಹಾಕಿ. ಉಳಿದದ್ದು ಹೊಳೆಪ್ಪಾ, ನಿನ್ನ ಜವಾಬ್ದಾರಿ" ಅಂದ.

ಹೊಳೆಪ್ಪ ಎಲ್ಲರೆದುರಿಗೆ ಭಂಡಾರ ಕೈಯಲ್ಲಿ ಹಿಡಿದ.

"ಕುರಿ ಈದು ಮುಗಿಯೂತನಕಾ ವಿಮಾನ ನಿಮ್ಮ ಹಟ್ಟಿ ಮ್ಯಾಲ ಬರೂದಿಲ್ಲ. ಬಂದ್ರ ತಪ್ಪ ನಂದು. ಬೀರಪ್ಪನ ಆಣಿ."

ಭಂಡಾರ ಮುಟ್ಟಿ ಮಾಡಿದ ಆಣೆ! ಅದನ್ನು ಮುರಿದವನಿಗೆ ಆ ಗುಡಿಯ ಬಾಗಿಲಿಲ್ಲ, ಆ ಮಂದಿಯಲ್ಲಿ ಹೆಣ್ಣು ಕೊಡುವವರಿಲ್ಲ, ನೀರು ಕೊಡುವವರಿಲ್ಲ. ಸತ್ಯವ್ವ ಅವನನ್ನೇ ನೋಡಿದಳು. ಜಾಲಿ ಮುಳ್ಳಿನ ಮಾತು ಮತ್ತೆ ಎತ್ತಲಿಲ್ಲ.

ಒಡ್ಡಿನ ಕೆಲಸ ಶುರುವಾಯಿತು. ಗಂಡಸರು ಅಗೆದರು, ಹೆಂಗಸರು ಬುಟ್ಟಿ ಹೊತ್ತರು. ಹೊಳೆಪ್ಪ ವಿಮಾನದ ಕೆಲಸ ಮುಗಿಸಿ ದಿನಾ ಬಂದು ಸಲಿಕೆ ಹಿಡಿಯುತ್ತಿದ್ದ.

"ನನ್ನ ಬುಟ್ಟೀಗೆ ಅಷ್ಟ ಕಡಿಮಿ ಮಣ್ಣ ಯಾಕ ಹಾಕಾಕತ್ತಿ?"

"ನಿನ್ನ ಕುತಿಗಿ ನೋವಬಾರದಂತ."

"ನನ್ನ ಕುತಿಗಿ ಚಿಂತಿ ನಿನಗ್ಯಾಕ? ತುಂಬ ಹಾಕು!"

ತುಂಬ ಹಾಕಿದ. ಅವಳು ಹೊತ್ತು ನಡೆದಳು. ಭಾರಕ್ಕೆ ಕುತ್ತಿಗೆ ಮುರಿಯುವಂತಾದರೂ ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದರೆ ನಗು ಕಾಣುತ್ತಿತ್ತಲ್ಲ!

ಒಡ್ಡು ಎದ್ದಂತೆ ಸದ್ದು ಇಳಿಯಿತು. ಎಂಜಿನ್ನಿನ ಆರ್ಭಟ ದೂರದ ಗಿರಣಿಯ ಸದ್ದಿನಷ್ಟಾಯಿತು. ಶಾಲೆಯಲ್ಲಿ ಮಗ್ಗಿ ಕೇಳಿಸತೊಡಗಿತು. ಹಟ್ಟಿಯಲ್ಲಿ ಮರಿಗಳು ಉಳಿದವು. ಸಿದರಾಯ ಮಗಳ ಮುಖವನ್ನೂ ಹೊಳೆಪ್ಪನ ಮುಖವನ್ನೂ ನೋಡಿ, ಬೀಳಗಿಯಲ್ಲಿ ಯಾರಿದ್ದಾರೆಂದು ಮೆಲ್ಲಗೆ ವಿಚಾರಿಸತೊಡಗಿದ. ತಾಯಿ ಲಗಮವ್ವ ಇದ್ದಾಳೆ, ಹೊಲವಿದೆ, ಕುರಿಯಿವೆ ಎಂದು ತಿಳಿಯಿತು.

*

ಸತ್ಯವ್ವ ಆ ಮೊದಲೇ ಒಂದು ಹರಕೆ ಹೊತ್ತಿದ್ದಳು. ಕುರಿ ಉಳಿದರೆ ಬೀರಪ್ಪನನ್ನು ಹಟ್ಟಿಗೆ ನಡೆಮಡಿಯ ಮೇಲೆ ಕರೆತರುತ್ತೇನೆ ಎಂದು. ದೇವರ ಪಾಲಕಿ ಹೊತ್ತವರ ಕಾಲು ಮಣ್ಣು ಮುಟ್ಟದಂತೆ ದಾರಿಯುದ್ದಕ್ಕೂ ಬಿಳಿಯ ಮಡಿ ಬಟ್ಟೆ ಹಾಸುವುದೇ ನಡೆಮಡಿ.

"ಈಗ ಬ್ಯಾಡ ಮಗಳ" ಅಂದ ಪೂಜಾರಿ ಸಾಬಣ್ಣ. "ಕುರಿ ಈಯೂ ಕಾಲದಾಗ ಪಾಲಕಿ ಹೊರಗ ಹೊಂಡೂದಿಲ್ಲ. ಮುಗೀಲಿ."

"ಡೊಳ್ಳ ಬ್ಯಾಡ, ಹಲಗಿ ಬ್ಯಾಡ. ಗಪ್ಪಗಪ್ಪನ ಬರಲಿ. ನನ್ನ ಹರಕಿ ಯಜ್ಜಾ, ತಡಾ ಮಾಡಬ್ಯಾಡ."

"ಏನರೆ ಹೆಚ್ಚುಕಡಿಮಿ ಆದ್ರ?"

"ನನ್ನ ಮ್ಯಾಲ ಇರಲಿ!"

ಹಟ ಹಿಡಿದರೆ ಬಿಡುವವಳಲ್ಲ. ತಾನೇ ನೂಲು ತೆಗೆದು ಅಪ್ಪನಿಂದ ನೇಯಿಸಿದ್ದ ಕಂಬಳಿ ಹೊತ್ತು ಬನಹಟ್ಟಿಗೆ ಹೋದಳು. ನೇಕಾರರ ಇಂದ್ರವ್ವನಿಗೆ ಕಂಬಳಿ ಕೊಟ್ಟು ಬಿಳಿ ಬಟ್ಟೆಯ ಥಾನು ಕೇಳಿದಳು.

"ಇಷ್ಟ ಬಟ್ಟಿ ಯಾಕ ಬೇ? ಲಗ್ನ ಹತ್ತರ ಬಂತೇನ?" ಇಂದ್ರವ್ವ ಗಲ್ಲ ಹಿಂಡಿದಳು.

"ಅಯ್ಯ, ದೇವರಿಗೆ ಬೇ!" ಎಂದಳು ಸತ್ಯವ್ವ. ಆದರೆ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿ. ದೇವರು ಬಂದು ಹೋಗಲಿ... ಆಮೇಲೆ ಹೊಳೆಪ್ಪನಿಗೆ ಹೇಳಬೇಕು. ಅವನ ಆಣೆ ಉಳಿದದ್ದಕ್ಕೂ ಸೇರಿಸಿಯೇ ಈ ಹರಕೆ ತೀರಿಸಿದೆ ಎಂದು!

ಆ ದಿನ ಬೆಳಿಗ್ಗೆ ಗುಡಿಯಿಂದ ಹಟ್ಟಿಯವರೆಗೆ ಬಟ್ಟೆ ಹಾಸಿದರು. ಹಟ್ಟಿಯ ಬಾಗಿಲಲ್ಲಿ ಪಾಲಕಿ ಇಳಿಸಲು ಅಡ್ಡಲಾಗಿ ಇನ್ನೊಂದು ಪಟ್ಟಿ. ಸತ್ಯವ್ವ ತನ್ನ ಕೈಯಿಂದಲೇ ಕಲ್ಲು ಇಟ್ಟಳು. ಪಾಲಕಿ ಬಂತು, ಪೂಜೆಯಾಯಿತು, ಸದ್ದಿಲ್ಲದೆ ಮರಳಿತು. ಬಟ್ಟೆ ಮಾತ್ರ ಸಂಜೆಯವರೆಗೆ ಹಾಗೇ ಇರಬೇಕು, ಅದು ಪದ್ಧತಿ.

ಮಧ್ಯಾಹ್ನ...

ಪಡುವಲಿನಿಂದ ಬರಬೇಕಾಗಿದ್ದ ವಿಮಾನ ಮೂಡಲಿನಿಂದ ಬಂತು! ಕೆಳಗೆ, ಇನ್ನೂ ಕೆಳಗೆ... ಹಟ್ಟಿಯ ಬೇಲಿ ಮುಟ್ಟುವಷ್ಟು ಕೆಳಗೆ! ಅಲ್ಲಿ ಒಮ್ಮೆಲೇ ಎಂಜಿನ್ ಗರ್ಜಿಸಿತು. ನೆಲ ನಡುಗಿತು. ವಿಮಾನ ಮೂಗೆತ್ತಿ ಮೇಲೇರಿ ಹೋಯಿತು.

ಕುರಿಗಳು ಬೇಲಿ ಮುರಿದು ಓಡಿದವು. ಕಾಲ್ತುಳಿತದಲ್ಲಿ ಎಳೆಮರಿಗಳು ಸಿಕ್ಕವು. ನೆರೆಯ ಹಟ್ಟಿಗಳಿಂದಲೂ ಅರಚುವ ಸದ್ದು. ಸತ್ಯವ್ವ ಓಡಿ ಒಂದು ಮರಿಯನ್ನು ಎತ್ತಿಕೊಂಡಳು. ಉಪ್ಪು ತಿಕ್ಕಿ ಹೊಳೆಪ್ಪ ಉಳಿಸಿದ ಮರಿ ಅವಳ ಕೈಯಲ್ಲೇ ತಣ್ಣಗಾಯಿತು.

*

"ಭಂಡಾರ ಮುಟ್ಟಿ ಆಣಿ ಮಾಡಿದ್ದಿ. ಏನ್ ಹೇಳತಿ ಈಗ?" ಎಂದ ಪೂಜಾರಿ ಸಾಬಣ್ಣ.

ಗುಡಿಯ ಮುಂದೆ ಹೊಳೆಪ್ಪ ಒಬ್ಬನೇ ನಿಂತಿದ್ದ. ಸುತ್ತ ಮರಿ ಕಳೆದುಕೊಂಡ ಮಂದಿ. ಅವನ ನೋಟ ಗುಡಿಯ ಮೆಟ್ಟಿಲ ಮೇಲೆ ಮಡಿಸಿಟ್ಟಿದ್ದ ಬಿಳಿ ಬಟ್ಟೆಗೆ ಹೋಯಿತು. ಅಲ್ಲಿಂದ ಸತ್ಯವ್ವನತ್ತ ಹೋಯಿತು. ತುಟಿ ಅಲುಗಿತು...

"ತಪ್ಪ ನಂದು" ಅಂದ. ಅಷ್ಟೇ.

"ಯಾಕ? ಯಾಕ ಬಂತು ಅದು? ಹೇಳೋ!" ಸತ್ಯವ್ವ ಮಂದಿಯನ್ನು ಸೀಳಿಕೊಂಡು ಮುಂದೆ ಬಂದಳು. "ಏನರೆ ಒಂದ ಕಾರಣಾ ಹೇಳು! ಸುಳ್ಳರೆ ಹೇಳು!"

"ಕಾರಣಾ ಇಲ್ಲ. ತಪ್ಪ ನಂದು."

ಅವಳು ನಂಬಿದ್ದಳು. ಬುಟ್ಟಿ ಹೊತ್ತು, ಕುತ್ತಿಗೆ ನೋಯಿಸಿಕೊಂಡು, ದೇವರ ಮುಂದೆ ಅವನ ಹೆಸರು ಹಿಡಿದು ನಂಬಿದ್ದಳು. ಒಳಗಿದ್ದುದೆಲ್ಲ ವಿಷವಾಗಿ ಹೊರಬಂತು.

"ಹಂಗಾದ್ರ ನಿನ್ನ ಹಣಿ ಮ್ಯಾಲಿನ ಭಂಡಾರ ಅಳಸ್ಕೋ! ನಿನ್ನಂಥಾ ಹಣೀಗೆ ಅದು ಶೋಭಿಸೂದಿಲ್ಲ!"

ಹೊಳೆಪ್ಪ ಅವಳನ್ನೇ ನೋಡಿದ. ಹೆಗಲ ಮೇಲಿನ ವಸ್ತ್ರ ತೆಗೆದು, ಹಣೆ ಒರೆಸಿಕೊಂಡ. ಸಾವಳಗಿಯ ದಾರಿ ಹಿಡಿದ. ಸತ್ಯವ್ವನಿಗೆ ಗೆದ್ದಂತೆ ಅನಿಸಬೇಕಿತ್ತು. ಆದರೆ ಅವನು ಮರೆಯಾಗುವ ತನಕ ದಾರಿ ನೋಡುತ್ತ ನಿಂತಳು.

*

ಮರುದಿನ ಅವಳು ಜಾಲಿ ಮುಳ್ಳಿನ ಹೊರೆ ಹೊತ್ತು ಒಬ್ಬಳೇ ಮಡ್ಡಿಗೆ ನಡೆದಳು. ಪೊಲೀಸರು ಬರಲಿ! ಯಾರಾದರೂ ಬರಲಿ! ಹೊರೆ ಬಿಚ್ಚಿ ಮುಳ್ಳು ಹರವುತ್ತಿದ್ದಾಗ ಅಣ್ಣಾಸಾಹೇಬ ಕೂಗುತ್ತ ಬಂದ.

"ಏ ತಾಯೀ! ಇನ್ನೇನು ಬೇಕು ನಿಮಗೆ? ಹೊಳೆಪ್ಪನನ್ನು ಕೆಲಸದಿಂದ ತೆಗೆದೆ. ಸಾಲದಾ?"

ಸತ್ಯವ್ವನ ಕೈ ನಿಂತಿತು. "ತೆಗದ್ರಿ? ಯಾಕ?"

"ಯಾಕೆ ಅಂದರೆ? ಆ ವಿಮಾನದಲ್ಲಿದ್ದ ಹುಡುಗ ಮೊದಲನೇ ಸಲ ಒಬ್ಬನೇ ಹಾರಿದ್ದ. ಬಟ್ಟೆ ಕಂಡಲ್ಲಿ ಇಳಿಯಲು ಹೋದ. ಇನ್ನೊಂದು ಚೂರಾಗಿದ್ದರೆ ಹುಡುಗನೂ ಸಾಯುತ್ತಿದ್ದ! ತಪ್ಪು ಜಾಗದಲ್ಲಿ ಬಟ್ಟೆ ಹಾಸಿದ್ದು ನಾನೇ ಅಂದ ಹೊಳೆಪ್ಪ. ಅಂಥವನನ್ನು ಹೇಗೆ ಇಟ್ಟುಕೊಳ್ಳಲಿ?"

"ಯಾವ... ಯಾವ ಬಟ್ಟಿ?"

ಅಣ್ಣಾಸಾಹೇಬ ಬೆರಳು ಚಾಚಿದ. ನೆಲದ ಮೇಲೆ ಬಿಳಿ ಪಟ್ಟಿ. ಉದ್ದಕ್ಕೆ ಒಂದು, ತಲೆಗೆ ಅಡ್ಡಲಾಗಿ ಒಂದು.

"ಅದೇ! ಮೇಲಿನಿಂದ ನೋಡಿದರೆ ಮಡ್ಡಿಯೆಲ್ಲ ಒಂದೇ ತರ ಕಾಣುತ್ತದೆ. ಎಲ್ಲಿ, ಯಾವ ಕಡೆಗೆ ಇಳಿಯಬೇಕು ಅಂತ ಆ ಬಟ್ಟೆಯೇ ಹೇಳುವುದು."

ಸತ್ಯವ್ವನ ಕೈಯಿಂದ ಮುಳ್ಳು ಬಿತ್ತು.

ಅದು ಬರೇ ಬಟ್ಟಿ ಅಲ್ಲ, ಅದು ವಿಮಾನಕ್ಕ...

ಗುಡಿಯಿಂದ ಹಟ್ಟಿಯವರೆಗೆ ಉದ್ದ ಪಟ್ಟಿ. ಹಟ್ಟಿಯ ಬಾಗಿಲಲ್ಲಿ ಅಡ್ಡ ಪಟ್ಟಿ. ತನ್ನ ಕೈಯಿಂದಲೇ ಇಟ್ಟ ಕಲ್ಲು! ವಿಮಾನವನ್ನು ಹಟ್ಟಿಗೆ ಕರೆದವಳು ತಾನೇ. ತನ್ನ ಹರಕೆ, ತನ್ನ ಹಟ! ಸಾಬಣ್ಣ ಬೇಡ ಅಂದಿದ್ದ. ನನ್ನ ಮೇಲಿರಲಿ ಅಂದಿದ್ದಳು. ಗುಡಿಯ ಮುಂದೆ ಹೊಳೆಪ್ಪ ಒಂದು ಮಾತು ಹೇಳಿದ್ದರೆ ನೆರೆಹಟ್ಟಿಯವರ ಶಾಪವೆಲ್ಲ ಅವಳ ತಲೆಗೆ, ಸಿದರಾಯನ ಮನೆಗೆ ಬರುತ್ತಿತ್ತು. ಅದಕ್ಕೇ ಅವನು ಬಾಯಿ ಮುಚ್ಚಿಕೊಂಡ. ಕೆಲಸ ಬಿಟ್ಟ. ದೇವರನ್ನೂ ಬಿಟ್ಟ!

ಮೊದಲು ಅಳು ಬಂತು. ಅದರ ಹಿಂದೆಯೇ ಬಂತು ಸಿಟ್ಟು.

ಯಾರು ಕೇಳಿದ್ದರು ಅವನನ್ನು? ಯಾರು ಹೇಳಿದ್ದರು ಸುಳ್ಳು ಹೇಳು ಅಂತ?

ಅವಳು ಹರವಿದ ಮುಳ್ಳನ್ನು ಮತ್ತೆ ಹೊರೆ ಕಟ್ಟಿದಳು. "ಆ ಬಟ್ಟಿ ಹಾಸಿದಾಕಿ ನಾನ್ರಿ" ಎಂದು ಅಣ್ಣಾಸಾಹೇಬನಿಗೆ ಹೇಳಿ, ಅವನ ಬಾಯಿ ತೆರೆದಂತೇ ಇರುವಾಗ ಸೀದಾ ಗುಡಿಗೆ ಬಂದಳು.

*

"ತಪ್ಪ ನಂದು" ಎಂದಳು, ಹೊಳೆಪ್ಪ ನಿಂತ ಜಾಗದಲ್ಲೇ ನಿಂತು. ಎಲ್ಲವನ್ನೂ ಹೇಳಿದಳು. ತಲೆ ತಗ್ಗಿಸಲಿಲ್ಲ.

ಮಂದಿ ಸುಮ್ಮನಿರಲಿಲ್ಲ. ಮರಿ ಕಳೆದುಕೊಂಡ ಹೆಂಗಸರು ಮಣ್ಣು ತೂರಿ ಬೈದರು. ಬೈಯಲಿ ಎಂದು ನಿಂತೇ ಇದ್ದಳು. ಸಿದರಾಯ ಮಗಳ ಪಕ್ಕಕ್ಕೆ ಬಂದು ನಿಂತು, ಸತ್ತ ಮರಿಗಳಿಗೆ ತನ್ನ ಹಟ್ಟಿಯ ಮರಿಗಳನ್ನು ಕೊಡುತ್ತೇನೆ ಅಂದ. ಕೊನೆಗೆ ಸಾಬಣ್ಣ ಕೈ ಎತ್ತಿದ.

"ಪಾಲಕಿ ಹೊರಸಿದಾವ ನಾನ. ನನಗೂ ಬಯ್ರಿ."

"ಇನ್ನೊಂದ ಮಾತ ಐತಿ" ಎಂದಳು ಸತ್ಯವ್ವ. "ಬಿಳಿ ಬಟ್ಟಿ ನೋಡಿ ವಿಮಾನ ಬರತೈತಿ ಅಂದ್ರ, ಬರಬ್ಯಾಡ ಅನ್ನಾಕ ನಮ್ಮ ಹತ್ರ ಏನೂ ಇಲ್ಲೇನ? ಮನೀಗೊಂದ ಕರಿ ಕಂಬಳಿ ಕೊಡ್ರಿ. ಮಡ್ಡಿ ಮಣ್ಣ ಕೆಂಪೈತಿ, ಕರೇದು ಎದ್ದ ಕಾಣತೈತಿ. ಹಟ್ಟಿ ಸುತ್ತ ಹಾಸೂಣು. ಕರೇದು ಕಂಡಲ್ಲಿ ಬರಬಾರದಂತ ಸಾಹೇಬಗ ನಾ ಹೇಳತೇನಿ."

ಬೈದ ಹೆಂಗಸೊಬ್ಬಳೇ ಮೊದಲು ಮನೆಗೆ ಹೋಗಿ ಕಂಬಳಿ ತಂದು ಅವಳ ಕಾಲ ಬಳಿ ಎಸೆದಳು.

ಅಣ್ಣಾಸಾಹೇಬ ತಾನೇ ಹಾರಿ ನೋಡಿ ಬಂದ. "ಚೆನ್ನಾಗಿ ಕಾಣುತ್ತದೆ. ಇನ್ನು ಯಾವ ಹುಡುಗನೂ ಅತ್ತ ಹಾಯುವುದಿಲ್ಲ. ಆದರೆ ಗಾಳಿಗೆ ಹಾರದಂತೆ ದಿನಾ ನೋಡಿಕೊಳ್ಳಲು ನಿಮ್ಮನ್ನೂ ವಿಮಾನವನ್ನೂ ಬಲ್ಲ ಮನುಷ್ಯ ಬೇಕು" ಅಂದ. ಆಮೇಲೆ ಕೆಮ್ಮಿ, "ಅವನನ್ನು ಕರೆದುಕೊಂಡು ಬಾ" ಅಂದ.

*

ಬೀಳಗಿಯ ಹೊರಗಿನ ಹೊಲದಲ್ಲಿ ಹೊಳೆಪ್ಪ ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದ. ಬಸ್ಸಿಳಿದು ಬಂದ ಸಿದರಾಯ ದೂರದ ಬೇವಿನ ನೆರಳಲ್ಲೇ ನಿಂತ. ಹೊಳೆಪ್ಪನ ತಾಯಿ ಲಗಮವ್ವ ಅವನಿಗೆ ನೀರು ಕೊಡುತ್ತ, ಕಣ್ಣನ್ನು ಮಾತ್ರ ಇತ್ತಲೇ ಇಟ್ಟಿದ್ದಳು.

ಸತ್ಯವ್ವ ಸೀದಾ ಅವನೆದುರಿಗೆ ಹೋಗಿ ನಿಂತಳು.

"ಯಾರ ಹೇಳಿದ್ರು ನಿನಗ?"

ಅವನು ಬೆಚ್ಚಿ ತಲೆ ಎತ್ತಿದ. ಹಣೆ ಬರಿದಾಗಿತ್ತು. ಅದನ್ನು ಕಂಡೂ ಅವಳು ಬಿಡಲಿಲ್ಲ.

"ನನ್ನ ತಪ್ಪ ನೀ ಹೊತ್ಕೊಳ್ಳಾಕ ನಾ ಏನ್ ಕೈಲಾಗದಾಕಿ ಅಂತ ಮಾಡಿಯೇನ? ನಿನ್ನ ಹೊಲಸ ಹೊಲಸ ಬೈದ್ನಿ ಅಲ್ಲಾ ನಾ! ಗಪ್ಪ ನಿಂತಿ! ಒಂದ ಮಾತ ಹೇಳಿದ್ರ ಏನ್ ಆಕಿತ್ತು?"

"ಮಂದಿ ನಿನ್ನ ತಿಂದ ಬಿಡತಿದ್ರು."

"ತಿನ್ನಲಿ! ನೀ ಹ್ವಾದ ಮ್ಯಾಲ ನನ್ನ ನಾನ ತಿನ್ನಾಕತ್ತೇನಿ, ಅದ ಛಲೋ ಏನ?"

ಹೊಳೆಪ್ಪ ಕತ್ತರಿ ಕೆಳಗಿಟ್ಟ.

"ತಪ್ಪ ನಂದೂ ಐತಿ ಸತ್ಯವ್ವಾ. ಬಟ್ಟಿ ಅಂದ್ರ ಏನಂತ ಮೊದಲನೇ ದಿನಾನ ನಿನಗ ಹೇಳಬೇಕಿತ್ತು. ಆಮ್ಯಾಲೂ ಹೇಳಲಿಲ್ಲ."

"ಹೇಳಾಕ ಬಿಟ್ಟೇನೇನ ನಾ? ಗಪ್ಪಾಗು ಅಂದಾಕಿ ನಾನ!" ಅವಳ ಕಣ್ಣು ತುಂಬಿ ಹರಿಯಿತು. ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ಬಿಗಿದ ಗಂಟು ಬಿಚ್ಚಲೇ ಇಲ್ಲ. ಅದಕ್ಕೂ ಸಿಟ್ಟು ಬಂತು. ಅವನೇ ಕೈ ಚಾಚಿ ಬಿಚ್ಚಿದ.

ಒಳಗೆ ಹಳದಿ ಭಂಡಾರ.

"ಸಾಬಣ್ಣಜ್ಜ ಕಳಿಸ್ಯಾನ. ಗುಡ್ಯಾಗ ಎಲ್ಲಾರ ಮುಂದ ಖರೆ ಹೇಳಿ ಬಂದೇನಿ. ನಿನ್ನ ಆಣಿ ಮುರದಿಲ್ಲ. ಸಾಹೇಬನೂ ಬಾ ಅಂದಾನ."

"ಸಾಹೇಬ ಅಂದಾನಂತ ಬಂದೀಯೇನ?"

"ಅಲ್ಲ."

"ಮತ್ತ?"

"ಬಾಯಿ ಬಿಟ್ಟ ಹೇಳಬೇಕೇನ? ನೀ ಇಲ್ಲದ ನನಗ ಆ ಮಡ್ಡಿ ಸೇರೂದಿಲ್ಲ! ಒಡ್ಡ ನೋಡಿದ್ರ ಸಿಟ್ಟ, ಬುಟ್ಟಿ ನೋಡಿದ್ರ ಸಿಟ್ಟ, ಕುರಿ ಕಿವಿ ನೋಡಿದ್ರೂ ಸಿಟ್ಟ... ಸಾಕಾಗೇತಿ ನನಗ!"

ಹೊಳೆಪ್ಪ ನಕ್ಕ. ನಗುವಾಗ ಅವನ ಕಣ್ಣೂ ಒದ್ದೆಯಾಗಿತ್ತು. "ನನಗೂ ಸಾಕಾಗಿತ್ತು" ಅಂದ ಮೆಲ್ಲಗೆ. "ಇಲ್ಲಿ ನನ್ನ ಬಯ್ಯಾವರ ಯಾರೂ ಇಲ್ಲ."

ಸತ್ಯವ್ವ ಭಂಡಾರದಲ್ಲಿ ಬೆರಳು ಅದ್ದಿ ಅವನ ಹಣೆಗೆ ಹಚ್ಚಿದಳು. ಮೂಗಿನ ಮೇಲೆಲ್ಲ ಉದುರಿತು. ಅವನು ಒರೆಸಿಕೊಳ್ಳಲು ಕೈ ಎತ್ತಿದ.

"ಅಳಸಬ್ಯಾಡ!"

"ಹ್ವಾದ ಸಲ ಅಳಸ್ಕೋ ಅಂದಾಕಿ ನೀನ."

"ಸಿಟ್ಟಿನ್ಯಾಗ ನಾ ಏನಂದ್ರೂ ಕೇಳಬ್ಯಾಡ."

"ಸಿಟ್ಟ ಇಲ್ಲದಾಗ ನೀ ಯಾವಾಗ ಇರತಿ?"

ಅವಳ ಕೈ ಇನ್ನೂ ಅವನ ಹಣೆಯ ಮೇಲೇ ಇತ್ತು.

"ಈಗ ಸಿಟ್ಟ ಇಲ್ಲದ ಅದೇನಿ" ಎಂದಳು. "ಏನ್ ಕೇಳೂದೈತಿ, ಲಗೂನ ಕೇಳು."